ಬಡಾವಣೆಯೊಳಗೆ ಮೊಬೈಲ್ ಟವರ್: ಒಪ್ಪುವ ಮುನ್ನ, ತಡೆಯುವ ಮುನ್ನ

ಹಾಸನದ ಅಂಚಿನಲ್ಲಿ ಹಬ್ಬುತ್ತಿರುವ ಹೊಸ ಬಡಾವಣೆಗಳಲ್ಲಿ ಒಂದೇ ಬಗೆಯ ಜಗಳ ಮತ್ತೆ ಮತ್ತೆ ಹುಟ್ಟುತ್ತದೆ. ಖಾಲಿ ನಿವೇಶನವೊಂದಕ್ಕೆ ಜೆಸಿಬಿ ಬಂದು ಗುಂಡಿ ತೋಡುತ್ತದೆ. ಯಾರೋ ಮನೆ ಕಟ್ಟಿಸುತ್ತಿರಬೇಕು ಎಂದುಕೊಂಡ ಅಕ್ಕಪಕ್ಕದವರು ಗುಂಡಿಯ ಆಳವನ್ನೂ ಕಬ್ಬಿಣದ ದಪ್ಪವನ್ನೂ ಕಂಡು ವಿಚಾರಿಸಿದಾಗ ಅದು ಮೊಬೈಲ್ ಟವರ್ ಎಂದು ಗೊತ್ತಾಗುತ್ತದೆ. ಕತ್ತಲಾಗುವುದರೊಳಗೆ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕ್ಯಾನ್ಸರ್ ಎಂಬ ಪದ ಬಂದಿರುತ್ತದೆ. ಮರುದಿನ ಸಹಿ ಸಂಗ್ರಹ, ಆಮೇಲೆ ಮನವಿ ಪತ್ರ, ಕೊನೆಗೆ ನಿವೇಶನದ ಮಾಲೀಕರಿಗೂ ನೆರೆಯವರಿಗೂ ಮಾತು ನಿಂತುಹೋಗುತ್ತದೆ.

ಈ ಹೆದರಿಕೆ ಹುರುಳಿಲ್ಲದ್ದೆಂದು ತಳ್ಳಿಹಾಕುವುದು ಸರಿಯಲ್ಲ. ಸಾಲ ಮಾಡಿ ಮನೆ ಕಟ್ಟಿ, ಅಲ್ಲೇ ಮಕ್ಕಳನ್ನು ಬೆಳೆಸುತ್ತಿರುವವರು ತಮ್ಮ ಕಿಟಕಿಯ ಎದುರು ಏನು ಏಳುತ್ತಿದೆ ಎಂದು ಕೇಳಲೇಬೇಕು. ಆದರೆ ಟವರ್ ಬೇಕೋ ಬೇಡವೋ ಎಂಬ ಒಂದೇ ಪ್ರಶ್ನೆಯಲ್ಲಿ ಸಭೆ ಮುಗಿದುಹೋದರೆ ಎಲ್ಲಿ, ಎಷ್ಟು ಎತ್ತರಕ್ಕೆ, ಯಾವ ಕರಾರಿನ ಮೇಲೆ ಎಂಬ ಪ್ರಶ್ನೆಗಳು ಬಾಕಿ ಉಳಿಯುತ್ತವೆ. ನನ್ನ ತಿಳಿವಳಿಕೆಯ ಮಟ್ಟಿಗೆ, ಮನೆಗಳಿಗೆ ನಿಜವಾಗಿ ತಟ್ಟುವ ತೊಂದರೆಗಳೆಲ್ಲ ಇರುವುದು ಈ ಕೇಳದೆ ಉಳಿದ ಪ್ರಶ್ನೆಗಳಲ್ಲಿ.

ಊರಾಚೆ ಏಕೆ ಹಾಕಬಾರದು?

ಎಲ್ಲ ಸಭೆಗಳಲ್ಲೂ ಯಾರಾದರೊಬ್ಬರು ಕೇಳುವ ಮಾತಿದು. ಮನೆಗಳ ನಡುವೆ ಬೇಡ, ಊರ ಹೊರಗೆ ಒಂದು ದೊಡ್ಡ ಟವರ್ ನಿಲ್ಲಿಸಿ ಜೋರಾಗಿ ಸಿಗ್ನಲ್ ಬಿಡಲಿ ಎಂಬ ವಾದ ಕೇಳಲು ಸರಿಯಾಗಿಯೇ ಇದೆ. ತೊಡಕಿರುವುದು ಫೋನಿನ ಕಡೆಯಲ್ಲಿ. ಸಂಪರ್ಕವೆಂದರೆ ತರಂಗ ಎರಡೂ ದಿಕ್ಕಿನಲ್ಲಿ ಹೋಗಬೇಕು. ಟವರ್‌ನ ಪ್ರಸಾರ ಯಂತ್ರ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಕೆಲಸ ಮಾಡಿದರೆ, ನಮ್ಮ ಕೈಯಲ್ಲಿರುವ 4ಜಿ ಫೋನು ಹೆಚ್ಚೆಂದರೆ ಸುಮಾರು 0.2 ವ್ಯಾಟ್‌ನಲ್ಲಿ ಉತ್ತರಿಸುತ್ತದೆ. ದೂರದ ಟವರ್‌ನಿಂದ ಬಂದ ಸಿಗ್ನಲ್ ಮನೆಯೊಳಗೆ ಸಿಕ್ಕರೂ ಫೋನಿನ ಉತ್ತರ ಗೋಡೆ, ತಾರಸಿ ದಾಟಿ ಅಲ್ಲಿಗೆ ತಲುಪದಿದ್ದರೆ ಕರೆ ಸೇರುವುದಿಲ್ಲ.

ಇನ್ನೊಂದು ಕಾರಣ ಹಂಚಿಕೆಯದು. ಒಂದು ಟವರ್ ಹೊರಬಲ್ಲ ದತ್ತಾಂಶಕ್ಕೆ ಮಿತಿಯಿದೆ, ಅದರ ವ್ಯಾಪ್ತಿಯಲ್ಲಿರುವ ಎಲ್ಲ ಫೋನುಗಳೂ ಅದನ್ನೇ ಹಂಚಿಕೊಳ್ಳಬೇಕು. ಸಂಜೆ ಮನೆಮನೆಯಲ್ಲೂ ವಿಡಿಯೊ ಓಡುವಾಗ ಫೋನಿನಲ್ಲಿ ನಾಲ್ಕು ಗೆರೆ ತೋರಿಸಿದರೂ ಪುಟ ತೆರೆದುಕೊಳ್ಳದಿರುವುದು ಇದರಿಂದಲೇ. ಅದಕ್ಕೆ ಮದ್ದು ಹೆಚ್ಚು ಶಕ್ತಿಯ ಟವರ್ ಅಲ್ಲ, ಹತ್ತಿರ ಹತ್ತಿರದ, ಕಡಿಮೆ ಶಕ್ತಿಯ ಹೆಚ್ಚು ಟವರ್‌ಗಳು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ 5ಜಿ ಸೇವೆಯ ಒಂದು ಮುಖ್ಯ ಭಾಗ 3,300 ಮೆಗಾಹರ್ಟ್ಸ್ ಆಸುಪಾಸಿನ ತರಂಗಗಳಲ್ಲಿದೆ. ಹಳೆಯ 900 ಮೆಗಾಹರ್ಟ್ಸ್‌ಗೆ ಹೋಲಿಸಿದರೆ ಈ ತರಂಗ ಕಾಂಕ್ರೀಟ್ ಗೋಡೆಗಳಲ್ಲಿ ಬೇಗ ಸೊರಗುತ್ತದೆ.

ಬೆಟ್ಟಗುಡ್ಡದ ಕಡೆಯವರಿಗೆ ರೇಂಜ್ ಇಲ್ಲದಿರುವುದರ ಅರ್ಥವನ್ನು ವಿವರಿಸಬೇಕಿಲ್ಲ. ಕೋವಿಡ್ ಕಾಲದಲ್ಲಿ ಮಲೆನಾಡಿನ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಗುಡ್ಡ ಹತ್ತಿ ಕುಳಿತಿದ್ದನ್ನು ನಾವೆಲ್ಲ ಕಂಡಿದ್ದೇವೆ. ಆಲೂರು, ಸಕಲೇಶಪುರದ ಕಡೆ ಕಾಡಾನೆಗಳು ಎಲ್ಲಿವೆ ಎಂಬ ಎಚ್ಚರಿಕೆ ತೋಟದವರಿಗೆ, ಕೂಲಿಕಾರರಿಗೆ ಫೋನಿನ ಸಂದೇಶವಾಗಿ ತಲುಪುತ್ತದೆ. ಸಿಗ್ನಲ್ ಸಿಗದ ಇಳಿಜಾರಿನಲ್ಲಿ ಕೆಲಸ ಮಾಡುವವರಿಗೆ ಆ ಸಂದೇಶ ಬರುವುದೇ ಇಲ್ಲ. ನಗರದ ಬಡಾವಣೆಯಲ್ಲಿ ಅಷ್ಟು ಕಷ್ಟವಿಲ್ಲ, ನಿಜ. ಆದರೂ ರಾತ್ರಿ ಎದೆನೋವು ಬಂದಾಗ 108ಕ್ಕೆ ಕರೆ ಒಂದೇ ಸಲಕ್ಕೆ ಸೇರಬೇಕು ಎಂಬುದು ಎಲ್ಲರ ಅಗತ್ಯ.

ವಿಕಿರಣದ ಲೆಕ್ಕ

ಈಗ ಎಲ್ಲರ ಮನಸ್ಸಿನಲ್ಲಿರುವ ವಿಷಯಕ್ಕೆ ಬರೋಣ. ಟವರ್ ಹೊರಸೂಸುವುದು ರೇಡಿಯೊ ತರಂಗ. ಎಕ್ಸ್‌ರೇಯಂತೆ ಜೀವಕೋಶದ ಅಣುಗಳನ್ನು ಒಡೆದು ಅಯಾನುಗಳಾಗಿ ಮಾಡುವಷ್ಟು ಶಕ್ತಿ ಇದರ ಕಣಗಳಿಗಿಲ್ಲ. ಖಚಿತವಾಗಿ ತಿಳಿದಿರುವ ಪರಿಣಾಮವೆಂದರೆ ಪ್ರಮಾಣ ಬಹಳ ಹೆಚ್ಚಾದಾಗ ದೇಹದ ಅಂಗಾಂಶ ಬಿಸಿಯಾಗುವುದು. ಅಂತರರಾಷ್ಟ್ರೀಯ ಮಿತಿಗಳು ಈ ಬಿಸಿಯನ್ನು ಆಧಾರವಾಗಿಟ್ಟುಕೊಂಡು, ಅದಕ್ಕಿಂತ ಬಹಳ ಕೆಳಗೆ ಗೆರೆ ಎಳೆದಿವೆ. ಭಾರತ 2012ರ ಸೆಪ್ಟೆಂಬರ್ 1ರಿಂದ ಟವರ್‌ಗಳ ಮಿತಿಯನ್ನು ಆ ಗೆರೆಯ ಹತ್ತರಲ್ಲಿ ಒಂದು ಪಾಲಿಗೆ ಇಳಿಸಿತು. 900 ಮೆಗಾಹರ್ಟ್ಸ್‌ನಲ್ಲಿ ಅಂತರರಾಷ್ಟ್ರೀಯ ಮಿತಿ ಚದರ ಮೀಟರ್‌ಗೆ 4.5 ವ್ಯಾಟ್, ನಮ್ಮಲ್ಲಿ ಆಗ ನಿಗದಿಯಾದದ್ದು 0.45 ವ್ಯಾಟ್.

ಈ ಅಂಕಿ ಮನೆಯ ಅಂಗಳದಲ್ಲಿ ಏನನ್ನು ಸೂಚಿಸುತ್ತದೆ ಎಂದು ನಾವೇ ಲೆಕ್ಕ ಹಾಕಬಹುದು. ಒಂದು ಆಂಟೆನಾಕ್ಕೆ 40 ವ್ಯಾಟ್ ಶಕ್ತಿ ಹೋಗುತ್ತದೆ ಎಂದಿಟ್ಟುಕೊಳ್ಳಿ. ಆಂಟೆನಾ ಅದನ್ನು ಸುತ್ತಲೂ ಚೆಲ್ಲುವುದಿಲ್ಲ, ತನ್ನ ಎದುರಿನ ದಿಕ್ಕಿಗೆ ಕಟ್ಟು ಮಾಡಿ ಕಳಿಸುತ್ತದೆ. ಆ ದಿಕ್ಕಿನಲ್ಲಿ ನಿಂತವರಿಗೆ ಅದು ಸುಮಾರು 50 ಪಟ್ಟು, ಅಂದರೆ 2,000 ವ್ಯಾಟ್‌ನ ಮೂಲದಂತೆ ಕಾಣುತ್ತದೆ. ಕೇಳಿದೊಡನೆ ಭಯವಾಗುವ ಸಂಖ್ಯೆ. ಆದರೆ ದೂರ ಎರಡರಷ್ಟಾದರೆ ತೀವ್ರತೆ ನಾಲ್ಕರಲ್ಲಿ ಒಂದಾಗುತ್ತದೆ. ಆಂಟೆನಾದ ನೇರ ಎದುರಿಗೆ, ಅದೇ ಎತ್ತರದಲ್ಲಿ 20 ಮೀಟರ್ ದೂರದಲ್ಲಿದ್ದರೆ ಚದರ ಮೀಟರ್‌ಗೆ ಸುಮಾರು 0.4 ವ್ಯಾಟ್, ಅಂದರೆ ಮಿತಿಯ ಹತ್ತಿರ ಹತ್ತಿರ. 50 ಮೀಟರ್‌ನಲ್ಲಿ ಅದು 0.064, 100 ಮೀಟರ್‌ನಲ್ಲಿ 0.016.

ಇಲ್ಲಿ ಗಮನಿಸಬೇಕಾದದ್ದು ‘ಅದೇ ಎತ್ತರದಲ್ಲಿ’ ಎಂಬ ಮಾತು. ಆಂಟೆನಾದ ಕಿರಣ ಅಡ್ಡಡ್ಡಲಾಗಿ ಅಗಲವಾಗಿದ್ದರೂ ಮೇಲೆ ಕೆಳಗೆ ಬಹಳ ತೆಳು, ಕೆಲವೇ ಡಿಗ್ರಿಗಳಷ್ಟು. ಅದನ್ನು ಸ್ವಲ್ಪ ನೆಲದ ಕಡೆಗೆ ಬಾಗಿಸಿರುತ್ತಾರೆ. 30 ಮೀಟರ್ ಎತ್ತರದಲ್ಲಿರುವ ಆಂಟೆನಾವನ್ನು 6 ಡಿಗ್ರಿ ಬಾಗಿಸಿದರೆ ಕಿರಣದ ನಡುಭಾಗ ನೆಲ ಮುಟ್ಟುವುದು ಸುಮಾರು 285 ಮೀಟರ್ ಆಚೆಗೆ. ಅಷ್ಟು ದೂರ ಹೋಗುವಷ್ಟರಲ್ಲಿ ತೀವ್ರತೆ 0.002 ವ್ಯಾಟ್‌ಗೆ ಇಳಿದಿರುತ್ತದೆ, 0.45ರ ಇನ್ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಎತ್ತರದ ಟವರ್‌ನ ಬುಡದಲ್ಲಿರುವ ಮನೆಯ ಸ್ಥಿತಿಯೂ ಹಾಗೆಯೇ. ಕಿರಣ ಅದರ ತಲೆಯ ಮೇಲಿಂದ ದಾಟಿಹೋಗುತ್ತದೆ.

ಹಾಗಾದರೆ ಎಚ್ಚರಿಕೆ ಬೇಕಾದದ್ದು ಎಲ್ಲಿ? ಎರಡಂತಸ್ತಿನ ಮನೆಯ ತಾರಸಿಯ ಮೇಲೆ ನಾಲ್ಕೈದು ಮೀಟರ್‌ನ ಕಂಬ ನೆಟ್ಟು ಆಂಟೆನಾ ಕಟ್ಟಿದಾಗ. ಎದುರು ಸಾಲಿನ ಮನೆ ಇಂದು ಒಂದೇ ಅಂತಸ್ತಿನದಾಗಿದ್ದರೆ ಏನೂ ತೊಂದರೆಯಿಲ್ಲ. ಮೂರು ವರ್ಷದ ಮೇಲೆ ಅವರು ಎರಡನೆಯ, ಮೂರನೆಯ ಅಂತಸ್ತು ಎಬ್ಬಿಸಿದರೆ ಮಲಗುವ ಕೋಣೆಯ ಕಿಟಕಿ ಆಂಟೆನಾದ ಎದುರಿಗೇ ಬಂದು ನಿಲ್ಲಬಹುದು. 2013ರಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ರಾಜ್ಯಗಳಿಗೆ ಕಳಿಸಿದ ಸಲಹಾ ಮಾರ್ಗಸೂಚಿಯಲ್ಲಿ ಒಂದು ಆಂಟೆನಾ ಇದ್ದರೆ ಅದೇ ಎತ್ತರದ ಎದುರು ಕಟ್ಟಡಕ್ಕೆ 20 ಮೀಟರ್, ಎರಡಿದ್ದರೆ 35 ಮೀಟರ್ ಅಂತರವಿರಬೇಕು ಎಂದಿತ್ತು. 30–40 ಅಡಿಯ ನಿವೇಶನಗಳು, 30 ಅಡಿಯ ರಸ್ತೆಗಳಿರುವ ನಮ್ಮ ಬಡಾವಣೆಗಳಲ್ಲಿ ಎದುರು ಮನೆಯ ಗೋಡೆ ಆ ಅಂತರದ ಒಳಗೇ ಇರುತ್ತದೆ. ಆದ್ದರಿಂದ ಬಡಾವಣೆಯ ನಡುವಿನ ತಾರಸಿ ಕಂಬಕ್ಕಿಂತ ಅಂಚಿನಲ್ಲಿ ನೆಲದಿಂದಲೇ ಎದ್ದ ಎತ್ತರದ ಟವರ್ ಮೇಲು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಜನ ಸಾಮಾನ್ಯವಾಗಿ ವಿರೋಧಿಸುವುದು ಕಣ್ಣಿಗೆ ದೊಡ್ಡದಾಗಿ ಕಾಣುವ ಎತ್ತರದ ಟವರ್ ಅನ್ನು, ಸುಮ್ಮನೆ ಬಿಟ್ಟುಬಿಡುವುದು ನೀರಿನ ಟ್ಯಾಂಕಿನ ಪಕ್ಕದ ಕಂಬವನ್ನು.

ಇನ್ನು ಕ್ಯಾನ್ಸರ್. 2011ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ರೇಡಿಯೊ ತರಂಗಗಳನ್ನು ‘2ಬಿ’ ವರ್ಗಕ್ಕೆ, ಅಂದರೆ ಕ್ಯಾನ್ಸರ್‌ಕಾರಕ ಆಗಿರಬಹುದಾದ ವಸ್ತುಗಳ ಪಟ್ಟಿಗೆ ಸೇರಿಸಿತು. ಸಹಿ ಸಂಗ್ರಹದ ಪತ್ರಗಳಲ್ಲಿ ಕಾಣುವುದು ಇದೇ. ಈ ತೀರ್ಮಾನಕ್ಕೆ ಮುಖ್ಯ ಆಧಾರವಾಗಿದ್ದದ್ದು ಫೋನನ್ನು ಕಿವಿಗೆ ಒತ್ತಿಕೊಂಡು ದೀರ್ಘಕಾಲ ಮಾತಾಡಿದವರ ಮೇಲಿನ ಅಧ್ಯಯನಗಳು, ಟವರ್ ಪಕ್ಕ ವಾಸಿಸುವವರವಲ್ಲ. ಆಗಲೂ ಆಧಾರ ಸೀಮಿತ ಎಂದೇ ಅದು ಹೇಳಿತ್ತು. ಲೋಳೆಸರದ ಇಡೀ ಎಲೆಯ ಸಾರವೂ ಇದೇ ವರ್ಗದಲ್ಲಿದೆ. ಟವರ್ ಬಗ್ಗೆಯೇ ನಡೆದ ದೊಡ್ಡ ಅಧ್ಯಯನವೊಂದು 2010ರಲ್ಲಿ ಬ್ರಿಟನ್‌ನಿಂದ ಬಂತು. ನಾಲ್ಕು ವರ್ಷದೊಳಗೆ ಕ್ಯಾನ್ಸರ್ ಬಂದ 1,397 ಮಕ್ಕಳನ್ನೂ ಬಾರದ 5,588 ಮಕ್ಕಳನ್ನೂ ಹೋಲಿಸಿ, ಬಸುರಿಯಾಗಿದ್ದಾಗ ತಾಯಿ ಟವರ್‌ಗೆ ಎಷ್ಟು ಸಮೀಪವಿದ್ದಳು ಎಂಬುದಕ್ಕೂ ಮಗುವಿನ ಕಾಯಿಲೆಗೂ ನಂಟು ಕಾಣಲಿಲ್ಲ ಎಂದು ಅದು ಹೇಳಿತು. ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯಂತೆ ನಡೆದು 2024ರಲ್ಲಿ ಪ್ರಕಟವಾದ ವಿಮರ್ಶೆಯೂ ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರ್‌ಗೂ ಸಂಬಂಧ ಕಂಡುಬಂದಿಲ್ಲ ಎಂದಿತು.

ಆದರೂ ‘ನಮ್ಮ ಬೀದಿಯಲ್ಲೇ ಮೂವರಿಗೆ ಬಂತು’ ಎನ್ನುವವರ ನೋವನ್ನು ಅಂಕಿಗಳು ಮುಟ್ಟುವುದಿಲ್ಲ, ಅದು ನನಗೂ ಗೊತ್ತು. ಹಾಸನದವರಿಗೆ 2025ರ ಅನುಭವ ಹಸಿಯಾಗಿದೆ. ಹೃದಯಾಘಾತದ ಸಾವುಗಳ ಸುದ್ದಿ ಒಂದರ ಮೇಲೊಂದು ಬಂದಾಗ ಜಿಲ್ಲೆಯೇ ತಲ್ಲಣಿಸಿತು, ಕಾರಣದ ಬಗ್ಗೆ ನೂರು ಊಹೆ ಹಬ್ಬಿದವು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಪ್ರಕರಣಗಳನ್ನು ಒಂದೊಂದಾಗಿ ಪರಿಶೀಲಿಸಿ, ಸಾವುಗಳಲ್ಲಿ ಅಸಾಮಾನ್ಯ ಏರಿಕೆ ಕಂಡುಬಂದಿಲ್ಲ ಎಂದು ವರದಿ ಕೊಟ್ಟಿತು. ಹತ್ತಿರ ಹತ್ತಿರ ನಡೆದ ದುಃಖದ ಘಟನೆಗಳಿಗೆ ಒಂದೇ ಕಾರಣ ಹುಡುಕುವುದು ಮನುಷ್ಯ ಸಹಜ. ಆ ಕಾರಣ ನಿಜವೇ ಎಂಬುದನ್ನು ಒಂದು ಬೀದಿಯ ಎಣಿಕೆಯಿಂದ ಹೇಳಲಾಗದು, ಬಹಳ ಜನರನ್ನು ಹೋಲಿಸಿ ನೋಡಬೇಕಾಗುತ್ತದೆ.

ಒಂದು ಸಂಗತಿಯನ್ನು ಮಾತ್ರ ಯಾರೂ ಚರ್ಚಿಸುವುದಿಲ್ಲ. ಸಿಗ್ನಲ್ ದುರ್ಬಲವಾದಷ್ಟೂ ಫೋನು ತನ್ನ ಪ್ರಸಾರ ಶಕ್ತಿಯನ್ನು ಏರಿಸಿಕೊಳ್ಳುತ್ತದೆ. ಟವರ್ ನೂರು ಮೀಟರ್ ಆಚೆಗಿದ್ದರೆ ಫೋನು ಕಿವಿಯ ಪಕ್ಕದಲ್ಲಿದೆ. ಹೀಗಾಗಿ ಟವರ್ ದೂರ ಓಡಿಸಿದ ಬಡಾವಣೆಯಲ್ಲಿ ಹೆಚ್ಚು ಮಾತಾಡುವವರ ತಲೆಗೆ ತಗಲುವ ಒಟ್ಟು ಪ್ರಮಾಣ ಕಡಿಮೆಯಾಗುವ ಬದಲು ಹೆಚ್ಚಾಗಲೂಬಹುದು.

ಜೇನು, ಗುಬ್ಬಚ್ಚಿಗಳ ಮಾತೂ ಬರುತ್ತದೆ. ರೊಬಸ್ಟಾ ಕಾಫಿಯ ಪರಾಗಸ್ಪರ್ಶಕ್ಕೆ ಜೇನು ಬೇಕಾದ ಜಿಲ್ಲೆಗಳಲ್ಲಿ ಈ ಕಾಳಜಿ ಸಹಜವೇ. ಕೇಂದ್ರ ಪರಿಸರ ಸಚಿವಾಲಯ 2010ರಲ್ಲಿ ಇದಕ್ಕಾಗಿ ತಜ್ಞರ ಸಮಿತಿ ರಚಿಸಿತು, ಈ ಬಗ್ಗೆ ಸಂಶೋಧನೆ ಸಾಲದು ಎಂಬುದು ಅದರ ವರದಿಯಿಂದ ತಿಳಿಯಿತು. ಕೀಟನಾಶಕ, ಹೆಂಚಿನ ಮನೆಗಳ ಕಣ್ಮರೆ, ಹುಳುಹುಪ್ಪಟೆ ಇಲ್ಲದ ತೋಟಗಳು ಇವುಗಳ ಮೇಲಿನ ಆರೋಪಕ್ಕೆ ಆಧಾರ ಹೆಚ್ಚು ಗಟ್ಟಿಯಾಗಿದೆ.

ನಿದ್ದೆ ಕೆಡಿಸುವುದು ಜನರೇಟರ್

ಟವರ್ ಪಕ್ಕದ ಮನೆಯವರನ್ನು ಒಂದು ವರ್ಷ ಕಳೆದ ಮೇಲೆ ಮಾತಾಡಿಸಿದರೆ ಹೆಚ್ಚಾಗಿ ಹೇಳುವುದು ಡೀಸೆಲ್ ಜನರೇಟರ್‌ನ ಸದ್ದು, ಹೊಗೆ, ನಡುರಾತ್ರಿ ಗೇಟು ತೆಗೆದು ಬರುವ ತಂತ್ರಜ್ಞರ ವಿಷಯ. ಮಳೆಗಾಲದಲ್ಲಿ ಕರೆಂಟ್ ಹೋದರೆ ಬ್ಯಾಟರಿ ಕೆಲವು ಗಂಟೆ ಹಿಡಿಯುತ್ತದೆ, ಆಮೇಲೆ ಜನರೇಟರ್ ಶುರುವಾಗುತ್ತದೆ. ಶಬ್ದ ತಡೆಯುವ ಪೆಟ್ಟಿಗೆಯೊಳಗಿನ ಜನರೇಟರ್‌ಗೆ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್‌ವರೆಗೆ ಅವಕಾಶವಿದೆ. ಬಯಲಿನಲ್ಲಿ 10 ಮೀಟರ್ ಆಚೆಗೆ ಅದು ಸುಮಾರು 55ಕ್ಕೆ ಇಳಿಯುತ್ತದೆ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಮಿತಿ 45 ಡೆಸಿಬೆಲ್. 30 ಅಡಿ ಅಗಲದ ನಿವೇಶನವೆಂದರೆ 9 ಮೀಟರ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಎಂದರೆ ನಿಯಮ ಪಾಲಿಸಿದ ಜನರೇಟರ್ ಕೂಡ ಪಕ್ಕದ ಮನೆಯ ರಾತ್ರಿಯ ಮಿತಿಯನ್ನು ಮೀರಬಹುದು. ಜನರೇಟರ್ ಬೇಡ, ದೊಡ್ಡ ಬ್ಯಾಟರಿ ಇಡಿ ಎಂದು ಕೇಳುವುದು ಈ ಕಾರಣಕ್ಕೇ ಮೊದಲ ಷರತ್ತಾಗಬೇಕು.

ತಾರಸಿಯ ಮೇಲಾದರೆ ಕಟ್ಟಡದ ಬಲವೂ ಮುಖ್ಯ. ಪಿಲ್ಲರ್ ಇಲ್ಲದ, ಗೋಡೆಯೇ ಭಾರ ಹೊರುವ ಹಳೆಯ ಮನೆಗಳ ಮೇಲೆ ಕಂಬ, ಬ್ಯಾಟರಿ, ಕಬ್ಬಿಣದ ಚೌಕಟ್ಟು ಹೇರುವುದು ಅಪಾಯ. ಬೋಲ್ಟ್ ಹಾಕಲು ತಾರಸಿಗೆ ತೂತು ಕೊರೆದಲ್ಲಿ ಮಳೆನೀರು ಇಳಿಯುತ್ತದೆ, ಅದರ ರಿಪೇರಿ ಯಾರದು ಎಂದು ಕರಾರಿನಲ್ಲಿ ಇಲ್ಲದಿದ್ದರೆ ಮಾಲೀಕರದೇ ಆಗುತ್ತದೆ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯ ಊರುಗಳಿವು, ಸಿಡಿಲು ತಡೆಯುವ ಸಲಕರಣೆಗೆ ಸರಿಯಾದ ಅರ್ಥಿಂಗ್ ಇದೆಯೇ ಎಂದು ಕಾಗದದಲ್ಲಿ ನೋಡಿ ತೃಪ್ತರಾಗದೆ ಗುಂಡಿಯನ್ನೇ ನೋಡಿ.

ಅಧಿಕಾರ ಯಾರ ಕೈಯಲ್ಲಿದೆ?

ನಗರಸಭೆಗೆ ಮನವಿ ಕೊಟ್ಟರೆ ಟವರ್ ನಿಲ್ಲುತ್ತದೆ ಎಂಬ ನಂಬಿಕೆ ವ್ಯಾಪಕ. ಕಾನೂನು ಆ ದಿಕ್ಕಿನಿಂದ ದೂರ ಸರಿದಿದೆ. ದೂರಸಂಪರ್ಕ ತಂತಿ, ಟವರ್ ಹಾಕಲು ಜಾಗ ಬಳಸುವ ಹಕ್ಕಿನ, ಅಂದರೆ ಮಾರ್ಗಾಧಿಕಾರದ ನಿಯಮಗಳಿಗೆ 2022ರಲ್ಲಿ ತಂದ ತಿದ್ದುಪಡಿ, ಖಾಸಗಿ ಆಸ್ತಿಯಲ್ಲಿ ಟವರ್ ನಿಲ್ಲಿಸಲು ಸ್ಥಳೀಯ ಪ್ರಾಧಿಕಾರದ ಅನುಮತಿಯೇ ಬೇಕಿಲ್ಲ ಎಂದಿತು. ಖಾಸಗಿ ಕಟ್ಟಡದ ಮೇಲಾದರೆ ಕೆಲಸಕ್ಕೆ ಮುನ್ನ ಲಿಖಿತ ಮಾಹಿತಿ, ಜೊತೆಗೆ ಕಟ್ಟಡದ ಭದ್ರತೆ ಬಗ್ಗೆ ಸ್ಟ್ರಕ್ಚರಲ್ ಎಂಜಿನಿಯರ್ ಪ್ರಮಾಣಪತ್ರ ಕೊಡಬೇಕು ಎಂದೂ ಅದು ಹೇಳಿತ್ತು. ಆಮೇಲೆ 2023ರ ದೂರಸಂಪರ್ಕ ಕಾಯ್ದೆ ಬಂತು, ಅದರಡಿಯ ಹೊಸ ಮಾರ್ಗಾಧಿಕಾರ ನಿಯಮಗಳು 2025ರ ಜನವರಿ 1ರಿಂದ ಜಾರಿಗೆ ಬಂದವು. ಈ ಕಾಯ್ದೆ ಇಂಥ ವಿವಾದಗಳನ್ನು ಬಗೆಹರಿಸುವ ಅಧಿಕಾರವನ್ನು ಕೊಟ್ಟಿರುವುದು ಜಿಲ್ಲಾಧಿಕಾರಿ ಮಟ್ಟದಲ್ಲಿ.

ನ್ಯಾಯಾಲಯಗಳೂ ಒಂದೇ ದಾರಿಯಲ್ಲಿ ನಡೆದಿಲ್ಲ. ಆರೋಗ್ಯಕ್ಕೆ ಹಾನಿ ಎಂಬುದಕ್ಕೆ ಆಧಾರವಿಲ್ಲದೆ ಪಂಚಾಯಿತಿ ಅನುಮತಿ ತಡೆಯುವಂತಿಲ್ಲ ಎಂದು ಕೇರಳ ಹೈಕೋರ್ಟ್ 2006ರಲ್ಲೇ ಹೇಳಿತು. ರಾಜಸ್ಥಾನ ಹೈಕೋರ್ಟ್ 2012ರಲ್ಲಿ ಶಾಲೆ, ಆಸ್ಪತ್ರೆಗಳ ಬಳಿಯ ಟವರ್ ತೆಗೆಯಲು ಆದೇಶಿಸಿತು. 2017ರಲ್ಲಿ ಸುಪ್ರೀಂ ಕೋರ್ಟ್, ಕ್ಯಾನ್ಸರ್ ಪೀಡಿತರಾದ ಒಬ್ಬ ಮನೆಗೆಲಸದವರ ಅರ್ಜಿಯ ಮೇರೆಗೆ ಗ್ವಾಲಿಯರ್‌ನ ಒಂದು ಟವರ್ ಮುಚ್ಚಿಸಿತು. ಇವುಗಳಲ್ಲಿ ಯಾವುದನ್ನೇ ನೆಚ್ಚಿಕೊಂಡು ಬಡಾವಣೆ ಸಂಘವೊಂದು ವರ್ಷಗಟ್ಟಲೆ ಕೋರ್ಟಿಗೆ ಅಲೆಯುವುದು ಜಾಣತನವೆಂದು ನನಗೆ ಅನ್ನಿಸುವುದಿಲ್ಲ.

ಆಗ ಉಳಿಯುವ ದಾರಿ ನಿವೇಶನದ ಮಾಲೀಕರ ಜೊತೆ ಅವರು ಸಹಿ ಹಾಕುವ ಮುನ್ನವೇ ಕುಳಿತು ಮಾತಾಡುವುದು. ಬಾಡಿಗೆ ಒಬ್ಬರಿಗೆ, ಸದ್ದು ಹೊಗೆ ಎಲ್ಲರಿಗೆ ಎಂಬ ಅಸಮಾಧಾನ ವಿಕಿರಣದ ಮಾತಿನ ಹಿಂದೆ ಬಹಳ ಸಲ ಅಡಗಿರುತ್ತದೆ. ಅದನ್ನು ನೇರವಾಗಿ ಆಡಿಬಿಡುವುದು ಒಳ್ಳೆಯದು. ಉದ್ಯಾನ ಅಥವಾ ನಾಗರಿಕ ಸೌಲಭ್ಯದ ನಿವೇಶನದಲ್ಲಿ ಹಾಕಿಸಿ ಬಾಡಿಗೆ ಸಂಘಕ್ಕೆ ಬರಲಿ ಎಂದು ಕೆಲವರು ಸೂಚಿಸುತ್ತಾರೆ. ಆ ಜಾಗಗಳು ಸಂಘದ ಆಸ್ತಿಯಲ್ಲ, ಉದ್ಯಾನಗಳಿಗೆ 1985ರ ರಾಜ್ಯ ಕಾಯ್ದೆಯ ರಕ್ಷಣೆಯೂ ಇದೆ. ಸಂಘ ಅಲ್ಲಿ ಯಾರಿಗೂ ಗುತ್ತಿಗೆ ಕೊಡುವಂತಿಲ್ಲ.

ಮಾಲೀಕರಿಗೂ ಒಂದು ಮಾತು. ಫೋನಿನಲ್ಲಿ ಅಥವಾ ಪತ್ರದಲ್ಲಿ ‘ನಿಮ್ಮ ಜಾಗ ಟವರ್‌ಗೆ ಆಯ್ಕೆಯಾಗಿದೆ, ನೋಂದಣಿ ಶುಲ್ಕ ಕಟ್ಟಿ’ ಎಂದು ಬಂದರೆ ಅದು ಮೋಸ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಟವರ್‌ಗೆ ನಿರಾಕ್ಷೇಪಣಾ ಪತ್ರ ಕೊಡುವುದೂ ಇಲ್ಲ, ಹಣ ಕೇಳುವುದೂ ಇಲ್ಲ. ಟವರ್ ಕಂಪನಿ ಮಾಲೀಕರಿಗೆ ಹಣ ಕೊಡುತ್ತದೆಯೇ ಹೊರತು ಪಡೆಯುವುದಿಲ್ಲ. ನಿಜವಾದ ಕರಾರು ಬಂದಾಗ ವಕೀಲರಿಗೆ ತೋರಿಸಿ. ಹತ್ತಾರು ವರ್ಷದ ಗುತ್ತಿಗೆಯಲ್ಲಿ ನಡುವೆ ಬಿಟ್ಟುಹೋಗುವ ಹಕ್ಕು ಕಂಪನಿಗೆ ಮಾತ್ರ ಇದೆಯೇ, ಬೇರೆ ಕಂಪನಿಗಳ ಆಂಟೆನಾ ಸೇರಿಸಲು ನಿಮ್ಮನ್ನು ಕೇಳಬೇಕೇ, ಗುತ್ತಿಗೆ ಮುಗಿದ ಮೇಲೆ ಕಬ್ಬಿಣ ಕಾಂಕ್ರೀಟು ತೆಗೆಸುವ ಖರ್ಚು ಯಾರದು ಎಂಬ ಮೂರು ಕಲಮುಗಳನ್ನು ಬೆರಳಿಟ್ಟು ಓದಿ. ಎರಡನೆಯದು ನೆರೆಯವರಿಗೂ ಮುಖ್ಯ, ಇಂದು ಒಂದು ಕಂಪನಿಗೆಂದು ಎದ್ದ ಟವರ್‌ನಲ್ಲಿ ನಾಳೆ ಮೂರರ ಆಂಟೆನಾಗಳು ಇರಬಹುದು.

ಟವರ್ ಚಾಲೂ ಆದ ಮೇಲೆ ಅಳತೆ ಮಾಡಿಸಲು ದಾರಿಯಿದೆ. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ‘ತರಂಗ್ ಸಂಚಾರ್’ ಜಾಲತಾಣದಲ್ಲಿ ನಿಮ್ಮ ಸುತ್ತಲಿನ ಟವರ್‌ಗಳು ಮಿತಿ ಪಾಲಿಸಿವೆಯೇ ಎಂದು ನೋಡಬಹುದು. ಶುಲ್ಕ ಕಟ್ಟಿ ನಿಮ್ಮ ಮನೆಯ ಬಳಿಯೇ ವಿಕಿರಣದ ಅಳತೆ ಮಾಡಿಸಬಹುದು, ಆರಂಭದಲ್ಲಿ ಈ ಶುಲ್ಕ 4,000 ರೂಪಾಯಿ ಇತ್ತು. ಬೀದಿಯವರೆಲ್ಲ ಸೇರಿ ಹಾಕಿದರೆ ದೊಡ್ಡ ಮೊತ್ತವಲ್ಲ. ಅಳತೆಗೆ ತಂಡ ಬಂದಾಗ ನೆಲಮಹಡಿಯಲ್ಲಿ ಮಾಡಿಸಿ ಕಳಿಸಬೇಡಿ. ಆಂಟೆನಾದ ಎತ್ತರಕ್ಕೆ ಹತ್ತಿರವಿರುವ, ಅದರ ಮುಖಕ್ಕೆ ನೇರವಾಗಿರುವ ಮೇಲಂತಸ್ತಿನ ಕಿಟಕಿಯಲ್ಲಿ, ಸಾಧ್ಯವಾದರೆ ಸಂಜೆ ದಟ್ಟಣೆಯ ಹೊತ್ತಿನಲ್ಲಿ ಮಾಡಿಸಿ. ಹೊಸ ಆಂಟೆನಾ ಸೇರಿದಾಗ ಅಥವಾ ಎದುರು ಮನೆಯವರು ಅಂತಸ್ತು ಎಬ್ಬಿಸಿದಾಗ ಮತ್ತೊಮ್ಮೆ ಅಳೆಯಿಸಿ, ಎರಡೂ ವರದಿಗಳನ್ನು ಸಂಘದ ಕಡತದಲ್ಲಿ ಇಡಿ.